ದೂರದ ಅನಾಥಾಶ್ರಮಕ್ಕೆ ಸೇವೆಗೆಂದು ಹೊರಡುವ ಮುನ್ನ

ಮಂಗಳೂರು, ಉಡುಪಿ ಕಡೆಯವರಿಗೆ ನೇಪಾಳ ಗೊತ್ತಿಲ್ಲದ ದೇಶವೇನಲ್ಲ. ಗಂಡಕಿಯ ಸಾಲಿಗ್ರಾಮಕ್ಕೂ ಮುಕ್ತಿನಾಥನ ದರ್ಶನಕ್ಕೂ ನಮ್ಮ ಹಿರಿಯರು ಯಾತ್ರೆ ಹೋಗುತ್ತಲೇ ಬಂದಿದ್ದಾರೆ. 1994ರಲ್ಲಿ ಮಣಿಪಾಲ ಸಮೂಹವು ಪೋಖರಾದಲ್ಲಿ ವೈದ್ಯಕೀಯ ಕಾಲೇಜು ತೆರೆದ ಮೇಲೆ ಇಲ್ಲಿನ ವೈದ್ಯರೂ ಉಪನ್ಯಾಸಕರೂ ಅಲ್ಲಿಗೆ ಹೋಗಿ ನೆಲೆಸಿ ಬಂದದ್ದುಂಟು. ನಮ್ಮ ಹೋಟೆಲುಗಳ ಅಡುಗೆಮನೆಗಳಲ್ಲಿ, ಫ್ಲ್ಯಾಟುಗಳ ಗೇಟಿನ ಬಳಿ ದುಡಿಯುವ ನೇಪಾಳಿಗರನ್ನು ದಿನವೂ ನೋಡುತ್ತೇವೆ. ಇಷ್ಟು ಒಡನಾಟವಿರುವ ಊರಿನಿಂದ, ಪದವಿ ಮುಗಿಸಿದ ಹುಡುಗ ಹುಡುಗಿಯರು ಎರಡು ವಾರ ಕಠ್ಮಂಡುವಿನಲ್ಲೋ ಪೋಖರಾದಲ್ಲೋ ಇದ್ದು, ಒಂದು ಅನಾಥಾಶ್ರಮದ ಮಕ್ಕಳಿಗೆ ಪಾಠ ಹೇಳಿಕೊಟ್ಟು ಬರೋಣವೆಂದು ಆಸೆಪಟ್ಟರೆ ಅದರಲ್ಲಿ ಆಶ್ಚರ್ಯವಿಲ್ಲ. ಆ ಆಸೆಯ ಹಿಂದಿರುವ ಕರುಣೆ ನಿಜವಾದದ್ದು, ಅದನ್ನು ಹಗುರವಾಗಿ ಕಾಣುವ ಉದ್ದೇಶ ಈ ಲೇಖನಕ್ಕಿಲ್ಲ. ಆದರೆ ಬಡದೇಶಗಳ ಅನಾಥಾಶ್ರಮಗಳಲ್ಲಿ ಹೊರಗಿನವರು ಮಾಡುವ ಅಲ್ಪಾವಧಿಯ ಸೇವೆಯು ಮಕ್ಕಳಿಗೆ ನೆರವಾಗುವುದಕ್ಕಿಂತ ಹೆಚ್ಚಾಗಿ ಹಾನಿ ಮಾಡಬಲ್ಲದು ಎಂಬ ತಿಳಿವಳಿಕೆ ಈಗ ಜಗತ್ತಿನಾದ್ಯಂತ ಗಟ್ಟಿಯಾಗಿದೆ. ಆ ಹಾನಿ ಹೇಗೆ ಆಗುತ್ತದೆ, ನಿಜವಾಗಿ ನೆರವಾಗುವ ದಾರಿ ಯಾವುದು ಎಂಬುದನ್ನು ಹೊರಡುವ ಮುನ್ನವೇ ಅರಿತುಕೊಳ್ಳಬೇಕು.

ಮೊದಲು ಆ ಮಕ್ಕಳು ಯಾರು ಎಂಬುದನ್ನು ನೋಡೋಣ. ಅನಾಥಾಶ್ರಮದಲ್ಲಿರುವ ಮಗುವಿಗೆ ತಂದೆತಾಯಿ ಇಬ್ಬರೂ ಇಲ್ಲವೆಂದು ನಾವು ಯೋಚಿಸದೆಯೇ ಒಪ್ಪಿಕೊಂಡುಬಿಡುತ್ತೇವೆ. ಯುನಿಸೆಫ್ ತನ್ನ ಲೆಕ್ಕದಲ್ಲಿ ತಂದೆತಾಯಿಯಲ್ಲಿ ಒಬ್ಬರನ್ನು ಕಳೆದುಕೊಂಡ ಮಗುವನ್ನೂ ಅನಾಥರ ಸಾಲಿಗೇ ಸೇರಿಸುತ್ತದೆ. 2015ರ ಅಂದಾಜಿನಂತೆ ಜಗತ್ತಿನಲ್ಲಿ ಅಂಥ ಮಕ್ಕಳು ಸುಮಾರು 14 ಕೋಟಿ. ಅವರಲ್ಲಿ ಇಬ್ಬರನ್ನೂ ಕಳೆದುಕೊಂಡವರು ಸುಮಾರು ಒಂದೂವರೆ ಕೋಟಿ ಮಾತ್ರ. ಇಬ್ಬರನ್ನೂ ಕಳೆದುಕೊಂಡವರಲ್ಲಿಯೂ ಬಹುತೇಕರು ಅಜ್ಜಿ, ದೊಡ್ಡಮ್ಮ, ಸೋದರಮಾವ, ಅಕ್ಕ ಇಂಥವರ ಮನೆಗಳಲ್ಲಿ ಬೆಳೆಯುತ್ತಾರೆಯೇ ಹೊರತು ಆಶ್ರಮಗಳಲ್ಲಲ್ಲ. ಆಶ್ರಮಗಳ ಒಳಗೆ ಹೋಗಿ ವಿಚಾರಿಸಿದರೆ ಚಿತ್ರ ಇನ್ನೂ ಬೇರೆಯೇ ಆಗುತ್ತದೆ: ಕಾಂಬೋಡಿಯಾದಲ್ಲಿ ಅಂಥ ಸಂಸ್ಥೆಗಳಲ್ಲಿದ್ದ ಮಕ್ಕಳಲ್ಲಿ ಸುಮಾರು ನಾಲ್ಕರಲ್ಲಿ ಮೂವರಿಗೆ ತಂದೆಯೋ ತಾಯಿಯೋ, ಕೆಲವೊಮ್ಮೆ ಇಬ್ಬರೂ, ಜೀವಂತವಾಗಿಯೇ ಇದ್ದರು.

ಹಾಗಿದ್ದರೆ ಹೆತ್ತವರು ಮಕ್ಕಳನ್ನು ಯಾಕೆ ಬಿಟ್ಟುಕೊಡುತ್ತಾರೆ? ಉತ್ತರಕ್ಕೆ ನೇಪಾಳದವರೆಗೆ ಹೋಗಬೇಕಾಗಿಲ್ಲ. ಗಂಡ ತೀರಿಕೊಂಡು, ಬೀಡಿ ಕಟ್ಟಿ ಬರುವ ದುಡ್ಡಿನಲ್ಲಿ ಮೂರು ಮಕ್ಕಳನ್ನು ಸಾಕಬೇಕಾದ ತಾಯಿಯ ಪರಿಸ್ಥಿತಿ ದಕ್ಷಿಣ ಕನ್ನಡದವರಿಗೆ ಚೆನ್ನಾಗಿ ಗೊತ್ತಿದೆ. ಊಟ, ಶಾಲೆ, ಬಟ್ಟೆ ಎಲ್ಲವೂ ಉಚಿತವೆಂದು ಯಾರಾದರೂ ಬಂದು ಹೇಳಿದರೆ, ಒಬ್ಬ ಮಗನಾದರೂ ಓದಲಿ ಎಂದು ಅವಳು ಒಪ್ಪಿಕೊಳ್ಳುತ್ತಾಳೆ. ಮಗುವಿನ ಮೇಲೆ ಪ್ರೀತಿಯಿರುವುದರಿಂದಲೇ ಅವಳು ಆ ನಿರ್ಧಾರಕ್ಕೆ ಬರುತ್ತಾಳೆ. ಬಡತನ, ಹತ್ತಿರದಲ್ಲಿ ಶಾಲೆ ಇಲ್ಲದಿರುವುದು, ಮಗುವಿನ ಅಂಗವೈಕಲ್ಯ, ಮನೆಯಲ್ಲಿ ಕುಡಿತ, ಮರುಮದುವೆ, ಯುದ್ಧ, ಭೂಕಂಪ ಇವೇ ಮಕ್ಕಳನ್ನು ಮನೆಯಿಂದ ಹೊರಗೆ ತಳ್ಳುವ ಕಾರಣಗಳು. ಇವುಗಳಲ್ಲಿ ಹೆಚ್ಚಿನವಕ್ಕೆ ಪರಿಹಾರವನ್ನು ಆ ಮನೆಯಲ್ಲಿ, ಆ ಊರಿನಲ್ಲಿಯೇ ಹುಡುಕಬಹುದಾಗಿತ್ತು.

ನೇಪಾಳದಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಒಳ್ಳೆಯ ಮನಸ್ಸಿನ ಹಣವು ಕೆಟ್ಟ ವ್ಯವಹಾರವೊಂದನ್ನು ಹೇಗೆ ಸಾಕಿತು ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 1996ರಿಂದ 2006ರವರೆಗೆ ಅಲ್ಲಿ ಮಾವೋವಾದಿಗಳಿಗೂ ಸರಕಾರಕ್ಕೂ ಅಂತರ್ಯುದ್ಧ ನಡೆಯಿತು. ವಾಯವ್ಯದ ಹುಮ್ಲಾದಂಥ ಗುಡ್ಡಗಾಡು ಜಿಲ್ಲೆಗಳಲ್ಲಿ ರಸ್ತೆಯಿರಲಿಲ್ಲ, ಒಳ್ಳೆಯ ಶಾಲೆಗಳಿರಲಿಲ್ಲ. ಮೇಲಾಗಿ ಬಂಡುಕೋರರು ಮಕ್ಕಳನ್ನೂ ಪಡೆಗೆ ಎಳೆದುಕೊಂಡು ಹೋಗುವ ಭಯವಿತ್ತು. ಆಗ ಊರಿಗೆ ಬಂದ ದಲ್ಲಾಳಿಗಳು, ಕೆಲವೊಮ್ಮೆ ಊರಿನವರಿಗೆ ಪರಿಚಿತರೇ, ಮಕ್ಕಳನ್ನು ಕಠ್ಮಂಡುವಿನ ಬೋರ್ಡಿಂಗ್ ಶಾಲೆಗೆ ಸೇರಿಸುತ್ತೇವೆಂದು ನಂಬಿಸಿ, ಅದಕ್ಕೆಂದು ಹೆತ್ತವರಿಂದಲೇ ದೊಡ್ಡ ಮೊತ್ತ ವಸೂಲು ಮಾಡಿಕೊಂಡು ಕರೆದೊಯ್ದರು. ಊರಿನಲ್ಲಿ ಹೊಲ ಮಾರಿಯೋ ಸಾಲ ಮಾಡಿಯೋ ಹಣ ಹೊಂದಿಸಿದವರಿದ್ದರು. ನಗರ ತಲುಪಿದ ಮೇಲೆ ತಂದೆತಾಯಿ ಸತ್ತಿದ್ದಾರೆಂಬ ಸುಳ್ಳು ದಾಖಲೆಗಳು ತಯಾರಾದವು. ಹಲವು ಮಕ್ಕಳ ಹೆಸರು ಬದಲಾಯಿತು. ವಿದೇಶಿಯರು ಕೇಳಿದರೆ ಅನಾಥರೆಂದೇ ಹೇಳಬೇಕೆಂದು ಅವರಿಗೆ ಕಲಿಸಲಾಯಿತು. ಮಗ ಓದುತ್ತಿದ್ದಾನೆ ಎಂದು ಅತ್ತ ಹೆತ್ತವರು ನಂಬಿ ಕುಳಿತಿದ್ದರು, ಇತ್ತ ಅದೇ ಮಗುವಿನ ಫೋಟೊ ತೋರಿಸಿ ಪ್ರವಾಸಿಗರಿಂದ ದೇಣಿಗೆ ಎತ್ತಲಾಗುತ್ತಿತ್ತು. ಮುಂದೆ ಕೆಲವು ಸಂಸ್ಥೆಗಳು ಮಕ್ಕಳ ಊರುಗಳನ್ನು ಹುಡುಕಿಕೊಂಡು ನಡೆದೇ ಹೋದಾಗ, ಸತ್ತಿದ್ದಾರೆಂದು ಕಾಗದದಲ್ಲಿದ್ದ ತಾಯಂದಿರು ಮನೆಯ ಬಾಗಿಲಲ್ಲಿ ನಿಂತಿದ್ದರು.

ನೇಪಾಳ 75 ಜಿಲ್ಲೆಗಳಾಗಿದ್ದ ಕಾಲದಲ್ಲಿ ಅಲ್ಲಿನ ಅನಾಥಾಶ್ರಮಗಳಲ್ಲಿ ಸುಮಾರು ಶೇಕಡಾ 90ರಷ್ಟು ಕೇವಲ ಐದು ಜಿಲ್ಲೆಗಳಲ್ಲಿದ್ದವು: ಕಠ್ಮಂಡು, ಲಲಿತ್‌ಪುರ, ಭಕ್ತಪುರ, ಪೋಖರಾ ಇರುವ ಕಾಸ್ಕಿ, ಮತ್ತು ಚಿತ್ವನ್. ಬಡತನ ಹೆಚ್ಚಿದ್ದುದು ಹುಮ್ಲಾ ಇರುವ ಕರ್ಣಾಲಿಯ ಬೆಟ್ಟಗಳಲ್ಲಿ, ಆಶ್ರಮಗಳು ಹುಟ್ಟಿಕೊಂಡದ್ದು ಪ್ರವಾಸಿಗರು ವಿಮಾನದಿಂದ ಇಳಿಯುವ ಕಡೆ. ನಿರ್ಗತಿಕ ಮಕ್ಕಳಿಗಾಗಿಯೇ ಅವು ಹುಟ್ಟಿದ್ದರೆ ಹೀಗಾಗುತ್ತಿರಲಿಲ್ಲ. 2015ರ ಏಪ್ರಿಲ್ 25ರ ಭೂಕಂಪದ ನಂತರ ನೆರವಿನ ಹಣವೂ ಸ್ವಯಂಸೇವಕರೂ ಒಟ್ಟಿಗೆ ಹರಿದುಬರುವುದನ್ನು ಕಂಡ ನೇಪಾಳ ಸರಕಾರವು, ಹೆತ್ತವರಿಲ್ಲದೆ ಮಕ್ಕಳನ್ನು ಜಿಲ್ಲೆಯಿಂದ ಹೊರಗೆ ಒಯ್ಯುವುದನ್ನು ನಿರ್ಬಂಧಿಸಿತು. ಹೊಸ ಬಾಲಗೃಹಗಳ ನೋಂದಣಿಯನ್ನೂ ಅಂತರರಾಷ್ಟ್ರೀಯ ದತ್ತುವನ್ನೂ ತಡೆಹಿಡಿಯಿತು. ಹಳೆಯ ಕಥೆ ಮತ್ತೆ ಆರಂಭವಾಗುವ ಅಪಾಯ ಅಲ್ಲಿನವರಿಗೆ ಅಷ್ಟು ಸ್ಪಷ್ಟವಾಗಿತ್ತು. ಕಾಂಬೋಡಿಯಾದ ಕಥೆಯೂ ಬಹುಮಟ್ಟಿಗೆ ಇದೇ. 2005ರಿಂದ 2010ರ ನಡುವೆ ಅಲ್ಲಿ ಅನಾಥರು ಹೆಚ್ಚಾಗಲು ಯುದ್ಧವಾಗಲಿ ದೊಡ್ಡ ಸಾಂಕ್ರಾಮಿಕವಾಗಲಿ ಬಂದಿರಲಿಲ್ಲ, ಹೆಚ್ಚಾದದ್ದು ಪ್ರವಾಸೋದ್ಯಮ. ಆ ಐದು ವರ್ಷಗಳಲ್ಲಿ ಆಶ್ರಮಗಳ ಸಂಖ್ಯೆ ಸುಮಾರು ಶೇಕಡಾ 75ರಷ್ಟು ಏರಿತು.

ಇದು ಕೆಲಸ ಮಾಡುವ ಬಗೆ ಸರಳ. ಸ್ವಯಂಸೇವಕನು ಏಜೆನ್ಸಿಗೆ ಶುಲ್ಕ ಕಟ್ಟುತ್ತಾನೆ, ಅದರಲ್ಲಿ ಒಂದು ಪಾಲು ಆಶ್ರಮಕ್ಕೆ ಸಲ್ಲುತ್ತದೆ. ಹಿಂದಿರುಗಿದ ಮೇಲೆ ಅವನು ಸ್ನೇಹಿತರಿಂದ ಹಣ ಸಂಗ್ರಹಿಸಿ ಕಳುಹಿಸುತ್ತಾನೆ. ಹೀಗೆ ಆಶ್ರಮದ ಆದಾಯವು ಅಲ್ಲಿರುವ ಮಕ್ಕಳ ಸಂಖ್ಯೆಯನ್ನೂ ಅವರನ್ನು ನೋಡಿದವರ ಮನಸ್ಸು ಎಷ್ಟು ಕರಗಿತು ಎಂಬುದನ್ನೂ ಅವಲಂಬಿಸಿರುತ್ತದೆ. ಅಂದ ಮೇಲೆ ಮಗುವನ್ನು ಅದರ ಮನೆಗೆ ಹಿಂದಿರುಗಿಸಿದರೆ ಆಶ್ರಮಕ್ಕೆ ನಷ್ಟ, ಹೊಸ ಮಗುವನ್ನು ತಂದರೆ ಲಾಭ. ಮಕ್ಕಳು ತೀರ ಚೆನ್ನಾಗಿ ಕಂಡರೂ ದೇಣಿಗೆ ಕಡಿಮೆಯಾದೀತೆಂದು ಅವರನ್ನು ಬೇಕೆಂದೇ ಹರಕು ಬಟ್ಟೆಯಲ್ಲಿ, ಸೋರುವ ಕೋಣೆಯಲ್ಲಿ ಇರಿಸಿದ ಆಶ್ರಮಗಳೂ ಬೆಳಕಿಗೆ ಬಂದಿವೆ. ಎಲ್ಲ ಆಶ್ರಮಗಳೂ ಹೀಗೆಂದು ಹೇಳುವುದು ಅನ್ಯಾಯವಾದೀತು. ಆದರೆ ಪ್ರಾಮಾಣಿಕವಾದ ಆಶ್ರಮವೂ ಇದೇ ಲೆಕ್ಕಾಚಾರದ ಒಳಗೇ ಬದುಕಬೇಕಾಗುತ್ತದೆ.

ಹಣದ ವಿಷಯ ಹೀಗಾದರೆ, ಮಗುವಿನ ಮನಸ್ಸಿನ ವಿಷಯ ಅದಕ್ಕಿಂತ ಗಂಭೀರವಾದದ್ದು. ಅನಾಥಾಶ್ರಮದ ಗೇಟು ದಾಟಿ ಒಳಗೆ ಕಾಲಿಟ್ಟವರಿಗೆ ಒಂದು ದೃಶ್ಯ ಪರಿಚಿತವಾಗಿರುತ್ತದೆ. ಮೂರು ನಾಲ್ಕು ವರ್ಷದ ಮಗುವೊಂದು ಹೆಸರೂ ಗೊತ್ತಿಲ್ಲದ ಅತಿಥಿಯತ್ತ ಓಡಿಬಂದು ಕಾಲು ತಬ್ಬಿಕೊಳ್ಳುತ್ತದೆ, ಎತ್ತಿಕೊಳ್ಳೆಂದು ಕೈ ಚಾಚುತ್ತದೆ, ಎತ್ತಿಕೊಂಡರೆ ಕೆಳಗಿಳಿಯಲು ಒಪ್ಪುವುದಿಲ್ಲ. ಅತಿಥಿಗೆ ಕಣ್ಣು ತುಂಬಿ ಬರುತ್ತದೆ, ಈ ಮಗು ನನ್ನನ್ನು ಎಷ್ಟು ಬೇಗ ಹಚ್ಚಿಕೊಂಡಿತೆಂದು ಅನ್ನಿಸುತ್ತದೆ. ಆದರೆ ನಮ್ಮ ಮನೆಯ ಅದೇ ವಯಸ್ಸಿನ ಮಗು ಏನು ಮಾಡುತ್ತದೆಂದು ನೆನಪಿಸಿಕೊಳ್ಳಿ: ಮನೆಗೆ ಹೊಸಬರು ಬಂದರೆ ಅಮ್ಮನ ಸೆರಗಿನ ಹಿಂದೆ ಅಡಗುತ್ತದೆ, ಅಲ್ಲಿಂದ ಇಣುಕಿ ನೋಡುತ್ತದೆ, ಸಾಕಷ್ಟು ಹೊತ್ತು ಕಳೆದ ಮೇಲೆ ನಿಧಾನವಾಗಿ ಹತ್ತಿರ ಬರುತ್ತದೆ. ತನಗೆ ಆಸರೆಯಾದ ಒಬ್ಬರು ಇದ್ದಾರೆಂಬ ಭರವಸೆಯಿರುವ ಮಗುವಿನ ಲಕ್ಷಣ ಇದು. ಯಾರ ಬಳಿಗಾದರೂ ಓಡಿ ಹೋಗುವ ಮಗುವಿಗೆ ಆ ಒಬ್ಬರು ಸಿಕ್ಕಿಲ್ಲ ಅಥವಾ ಸಿಕ್ಕವರು ಮತ್ತೆ ಮತ್ತೆ ಬಿಟ್ಟು ಹೋಗಿದ್ದಾರೆ. ಎರಡು ವಾರ ಜೀವ ಕೊಟ್ಟು ಪ್ರೀತಿಸಿ, ಹದಿನೈದನೆಯ ದಿನ ವಿಮಾನ ಹತ್ತುವ ಸ್ವಯಂಸೇವಕನು ತನಗೆ ಅರಿವಿಲ್ಲದೆಯೇ ಆ ಬಿಟ್ಟುಹೋದವರ ಸಾಲಿಗೆ ಸೇರುತ್ತಾನೆ. ಅವನ ಜಾಗಕ್ಕೆ ಮರುವಾರ ಇನ್ನೊಬ್ಬರು ಬರುತ್ತಾರೆ.

ಇದು ಕೇವಲ ಭಾವುಕ ಮಾತಲ್ಲ. 1951ರಲ್ಲೇ ಜಾನ್ ಬೌಲ್ಬಿ ಎಂಬ ಬ್ರಿಟಿಷ್ ಮನೋವೈದ್ಯರು ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ವರದಿಯಲ್ಲಿ, ಎಳೆಯ ಮಗುವಿಗೆ ತಾಯಿ ಅಥವಾ ತಾಯಿಯ ಸ್ಥಾನದಲ್ಲಿರುವ ಒಬ್ಬರ ನಿರಂತರ, ಆಪ್ತ ಸಂಬಂಧ ಅತ್ಯಗತ್ಯವೆಂದು ವಾದಿಸಿದ್ದರು. ರುಮೇನಿಯಾದಲ್ಲಿ 1989ರ ಕೊನೆಯಲ್ಲಿ ಸರ್ವಾಧಿಕಾರಿ ಚೌಸೆಸ್ಕುವಿನ ಆಡಳಿತ ಕುಸಿದಾಗ ಸರಕಾರಿ ಅನಾಥಾಲಯಗಳಲ್ಲಿ ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಅಮೆರಿಕದ ಸಂಶೋಧಕರಾದ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್ ಮತ್ತು ಚಾರ್ಲ್ಸ್ ಜೀನಾ ಅವರು ಈ ಶತಮಾನದ ಆರಂಭದಲ್ಲಿ ಬುಕಾರೆಸ್ಟ್‌ನ ಅನಾಥಾಲಯಗಳ 136 ಎಳೆಯ ಮಕ್ಕಳನ್ನು ಅಧ್ಯಯನಕ್ಕೆ ಆರಿಸಿಕೊಂಡು, ಚೀಟಿ ಎತ್ತಿದಂತೆ ಅರ್ಧದಷ್ಟು ಮಕ್ಕಳನ್ನು ಬೇರೆಯವರ ಮಗುವನ್ನು ತಮ್ಮ ಮನೆಯಲ್ಲಿಟ್ಟು ಸಾಕಲು ತರಬೇತಿ ಪಡೆದ ಪೋಷಕ ಕುಟುಂಬಗಳಿಗೆ ಕಳುಹಿಸಿದರು. ವರ್ಷಗಳ ಕಾಲ ಎರಡೂ ಗುಂಪುಗಳನ್ನು ಹೋಲಿಸಿ ನೋಡಿದಾಗ ಕುಟುಂಬಕ್ಕೆ ಹೋದ ಮಕ್ಕಳ ಬುದ್ಧಿಶಕ್ತಿ, ಮಿದುಳಿನ ವಿದ್ಯುತ್ ಚಟುವಟಿಕೆ, ಆಪ್ತ ಸಂಬಂಧ ಬೆಳೆಸಿಕೊಳ್ಳುವ ಶಕ್ತಿ ಇವೆಲ್ಲವೂ ಸುಧಾರಿಸಿದ್ದವು. ಹಲವು ವಿಷಯಗಳಲ್ಲಿ, ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದ ಮಕ್ಕಳಲ್ಲಿ ಆ ಸುಧಾರಣೆ ಹೆಚ್ಚಾಗಿತ್ತು. ಎರಡು ವರ್ಷದೊಳಗಿನ ಮಕ್ಕಳನ್ನು ಸಂಸ್ಥೆಗಳಲ್ಲಿ ಇಡುವುದನ್ನು ನಿರ್ಬಂಧಿಸುವ ಕಾನೂನನ್ನು ರುಮೇನಿಯಾ 2004ರಲ್ಲಿ ಮಾಡಿತು.

ಸುರಕ್ಷತೆಯ ಪ್ರಶ್ನೆಯೂ ಇದೆ. ನಮ್ಮೂರಿನ ಶಾಲೆಯೊಂದರ ಗೇಟಿಗೆ ಯಾವುದೋ ದೇಶದ ಅಪರಿಚಿತನೊಬ್ಬ ಬಂದು, ಹತ್ತು ದಿನ ಮಕ್ಕಳೊಂದಿಗೆ ಆಟವಾಡುತ್ತೇನೆ, ರಾತ್ರಿ ಅಲ್ಲಿಯೇ ಮಲಗುತ್ತೇನೆ ಎಂದರೆ ಯಾವ ಹೆತ್ತವರೂ ಒಪ್ಪುವುದಿಲ್ಲ. ಪೊಲೀಸ್ ಪರಿಶೀಲನೆಯಿಲ್ಲದೆ, ಅರ್ಹತೆ ಕೇಳದೆ, ಶುಲ್ಕ ಕಟ್ಟಿದ ಯಾರನ್ನಾದರೂ ಒಳಗೆ ಬಿಡುವ ಆಶ್ರಮವು ಮಕ್ಕಳನ್ನು ಲೈಂಗಿಕ ದೌರ್ಜನ್ಯದ ಅಪಾಯಕ್ಕೆ ಒಡ್ಡುತ್ತದೆ. ಅಂಥ ಪ್ರಕರಣಗಳು ನೇಪಾಳದಲ್ಲಿಯೂ ಕಾಂಬೋಡಿಯಾದಲ್ಲಿಯೂ ನ್ಯಾಯಾಲಯದ ಮೆಟ್ಟಿಲೇರಿವೆ. ಒಳ್ಳೆಯವರನ್ನು ಸುಲಭವಾಗಿ ಒಳಗೆ ಬಿಡುವ ಬಾಗಿಲು ಕೆಟ್ಟವರನ್ನೂ ಅಷ್ಟೇ ಸುಲಭವಾಗಿ ಬಿಡುತ್ತದೆ. ಹೀಗಾಗಿಯೇ ನಿಮ್ಮ ದಾಖಲೆಗಳನ್ನು ಕೇಳುವ, ಕಾಯಿಸುವ, ಕೆಲವೊಮ್ಮೆ ಬೇಡವೆನ್ನುವ ಸಂಸ್ಥೆಯ ಮೇಲೆ ಬೇಸರಪಡಬಾರದು.

ಈ ಎಲ್ಲ ಕಾರಣಗಳಿಂದ 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ, ಪ್ರವಾಸದ ಭಾಗವಾಗಿ ನಡೆಯುವುದೂ ಸೇರಿದಂತೆ ಅನಾಥಾಶ್ರಮಗಳ ಸ್ವಯಂಸೇವಾ ಕಾರ್ಯಕ್ರಮಗಳಿಂದಾಗುವ ಹಾನಿಯನ್ನು ತಡೆಯುವಂತೆ ಸದಸ್ಯ ದೇಶಗಳಿಗೆ ಕರೆ ನೀಡಿತು. ಕೀನ್ಯಾ 2017ರಲ್ಲೇ ಹೊಸ ಅನಾಥಾಶ್ರಮಗಳ ನೋಂದಣಿಯನ್ನು ನಿಲ್ಲಿಸಿತ್ತು.

ನಮ್ಮ ದೇಶದ ಕಾನೂನೂ ಇದೇ ನಿಲುವಿನದು, ಇದು ಹಲವರಿಗೆ ತಿಳಿದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಮೂಲ ತತ್ವಗಳಲ್ಲಿಯೇ, ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ಉಪಾಯವಾಗಬೇಕೆಂದು ಬರೆದಿದೆ. ಯಾವುದೇ ಆಶ್ರಮವು ಸ್ವಂತ ತೀರ್ಮಾನದಿಂದ ಮಗುವನ್ನು ಸೇರಿಸಿಕೊಳ್ಳುವಂತಿಲ್ಲ. ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಹಾಜರುಪಡಿಸಬೇಕು, ಮನೆಯ ಪರಿಸ್ಥಿತಿಯ ಬಗ್ಗೆ ಸಾಮಾಜಿಕ ತನಿಖಾ ವರದಿ ಬರಬೇಕು, ಆಮೇಲೆ ಸಮಿತಿ ಆದೇಶ ಹೊರಡಿಸಬೇಕು. ನೋಂದಣಿಯಿಲ್ಲದೆ ಆಶ್ರಮ ನಡೆಸಿದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಕಾಯ್ದೆಯ 74ನೇ ಕಲಮಿನಂತೆ, ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವಿನ ಹೆಸರು, ಫೋಟೊ, ಶಾಲೆ ಮುಂತಾದ ಗುರುತನ್ನು ಯಾವುದೇ ಸಂವಹನ ಮಾಧ್ಯಮದಲ್ಲಿ ಬಹಿರಂಗಪಡಿಸುವುದೂ ಅಪರಾಧ. ಹುಟ್ಟುಹಬ್ಬಕ್ಕೆ ಬಾಲಾಶ್ರಮದಲ್ಲಿ ಊಟ ಹಾಕಿಸಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೆಗೆದ ಫೋಟೊವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕುವವರು ಇದನ್ನು ಗಮನಿಸಬೇಕು. ನಾಳೆ ಆ ಮಗು ಕಾಲೇಜಿಗೆ ಹೋದಾಗ ಅದೇ ಫೋಟೊ ಅದನ್ನು ಹಿಂಬಾಲಿಸಬಹುದು.

ಆಶ್ರಮಗಳೇ ಬೇಡವೆಂದು ಹೇಳುತ್ತಿಲ್ಲ. ಮನೆಯೊಳಗೇ ದೌರ್ಜನ್ಯಕ್ಕೆ ಒಳಗಾದ ಮಗುವಿಗೆ, ರೈಲು ನಿಲ್ದಾಣದಲ್ಲಿ ಸಿಕ್ಕಿದ ಮಗುವಿಗೆ, ಬಂಧುಗಳು ಯಾರೂ ಪತ್ತೆಯಾಗದ ಮಗುವಿಗೆ ಅಂದಿನ ರಾತ್ರಿ ತಲೆಯ ಮೇಲೊಂದು ಸೂರು ಬೇಕೇ ಬೇಕು. ಹತ್ತಾರು ಮಕ್ಕಳ ಜ್ವರ, ಹೋಂವರ್ಕ್, ಜಗಳ ಎಲ್ಲವನ್ನೂ ಅಲ್ಪ ಸಂಬಳದಲ್ಲಿ ನಿಭಾಯಿಸುವ ಆಯಾಗಳು, ವಾರ್ಡನ್‌ಗಳು, ಸಿಸ್ಟರುಗಳು ಗೌರವಕ್ಕೆ ಅರ್ಹರು. ಆದರೆ ಒಳ್ಳೆಯ ಆಶ್ರಮಕ್ಕೆ ತಾನು ತಾತ್ಕಾಲಿಕ ತಾಣವೆಂಬ ಅರಿವಿರುತ್ತದೆ; ಪ್ರತಿ ಮಗುವಿಗೂ ವೈಯಕ್ತಿಕ ಪಾಲನಾ ಯೋಜನೆ ಬರೆದು, ಮನೆಗೆ, ಬಂಧುಗಳ ಬಳಿಗೆ, ಪೋಷಕ ಕುಟುಂಬಕ್ಕೆ ಅಥವಾ ಕಾನೂನುಬದ್ಧ ದತ್ತುವಿನ ಕಡೆಗೆ ದಾರಿ ಹುಡುಕುತ್ತಿರುತ್ತದೆ.

ಕುಟುಂಬಕ್ಕೇ ನೆರವು ಕೊಡುವ ದಾರಿ ನಮಗೆ ಹೊಸದಲ್ಲ. ಅಳಿಯಸಂತಾನದ ತುಳುನಾಡಿನಲ್ಲಿ ತಂದೆಯಿಲ್ಲದ ಮಗು ತಾಯಿಯ ಕುಟುಂಬದ ಮನೆಯಲ್ಲಿ, ಸೋದರಮಾವನ ಆಶ್ರಯದಲ್ಲಿ ಬೆಳೆಯುವುದು ಸಹಜವಾಗಿತ್ತು. ಆ ಮನೆಗಳಲ್ಲಿ ಎಲ್ಲವೂ ಸುಖವಾಗಿತ್ತೆಂದಲ್ಲ, ಆದರೆ ಮಗು ಯಾರದೆಂಬ ಪ್ರಶ್ನೆ ಬರುತ್ತಿರಲಿಲ್ಲ. ಇಂದು ಕೇಂದ್ರ ಸರಕಾರದ ಮಕ್ಕಳ ರಕ್ಷಣಾ ಕಾರ್ಯಕ್ರಮವಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯು ವಿಧವೆಯರ, ಪರಿತ್ಯಕ್ತೆಯರ, ಮಾರಕ ಕಾಯಿಲೆಯಿರುವ ಹೆತ್ತವರ ಮಕ್ಕಳಿಗೂ, ಬಂಧುಗಳ ಮನೆಯಲ್ಲಿರುವ ಅನಾಥ ಮಕ್ಕಳಿಗೂ ತಿಂಗಳಿಗೆ 4,000 ರೂಪಾಯಿ ಕೊಡುತ್ತದೆ; ಕುಟುಂಬದ ವಾರ್ಷಿಕ ಆದಾಯ ಹಳ್ಳಿಗಳಲ್ಲಿ 72,000, ನಗರಗಳಲ್ಲಿ 96,000 ರೂಪಾಯಿ ಮೀರಿರಬಾರದು. ಕೋವಿಡ್‌ನಲ್ಲಿ ಹೆತ್ತವರನ್ನು ಕಳೆದುಕೊಂಡ ಮಕ್ಕಳಿಗೆ ಕರ್ನಾಟಕ ಸರಕಾರ 2021ರಲ್ಲಿ ಬಾಲಸೇವಾ ಯೋಜನೆಯಡಿ ತಿಂಗಳಿಗೆ 3,500 ರೂಪಾಯಿ ಘೋಷಿಸಿತು. ಆ ಮೊತ್ತವು ಅಜ್ಜಿಯ, ಚಿಕ್ಕಪ್ಪನ ಮನೆಯಲ್ಲಿಯೇ ಮಗುವನ್ನು ಉಳಿಸಿಕೊಳ್ಳಲು ಆಧಾರವಾಗುತ್ತದೆ. 1994ರ ನರಮೇಧದಿಂದ ಅಸಂಖ್ಯ ಮಕ್ಕಳು ತಬ್ಬಲಿಗಳಾದ ರುವಾಂಡಾದಂಥ ದೇಶವೂ 2012ರಿಂದ ಆಶ್ರಮಗಳನ್ನು ಒಂದೊಂದಾಗಿ ಮುಚ್ಚಿ ಮಕ್ಕಳನ್ನು ಕುಟುಂಬಗಳಿಗೆ ಸೇರಿಸುತ್ತ ಬಂದಿದೆ.

ಹಾಗಾದರೆ ಹೋಗಬೇಕೆನ್ನುವವರು ಏನು ಮಾಡಬಹುದು? ಎಲ್ಲಕ್ಕಿಂತ ಮೊದಲು ತಮ್ಮ ಕೈಯಲ್ಲಿ ಯಾವ ವಿದ್ಯೆಯಿದೆಯೆಂದು ನೋಡಿಕೊಳ್ಳಬೇಕು, ಆಮೇಲೆ ಅದನ್ನು ಮಕ್ಕಳಿಗಲ್ಲ, ಮಕ್ಕಳನ್ನು ನೋಡಿಕೊಳ್ಳುವವರಿಗೆ ಕೊಡಬೇಕು. ಮಂಗಳೂರಿನ ಫಿಸಿಯೋಥೆರಪಿಸ್ಟ್ ಒಬ್ಬರು ಪೋಖರಾಕ್ಕೆ ಹೋಗಿ ಮಗುವಿಗೆ ತಾವೇ ವ್ಯಾಯಾಮ ಮಾಡಿಸಿ ಬಂದರೆ ಅವರು ಹೊರಟ ದಿನವೇ ಅದು ನಿಲ್ಲುತ್ತದೆ. ಸೆರೆಬ್ರಲ್ ಪಾಲ್ಸಿಯಿರುವ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲುಗಳ ಹಿಡಿತ ತಪ್ಪಿದ ಮಗುವನ್ನು ಹೇಗೆ ಕೂರಿಸಬೇಕು, ಗಂಟಲಿಗೆ ಸಿಕ್ಕದಂತೆ ಹೇಗೆ ತಿನ್ನಿಸಬೇಕು ಎಂದು ಅಲ್ಲಿನ ಆಯಾಗೆ ಮತ್ತು ಮಗುವಿನ ತಾಯಿಗೆ ಕಲಿಸಿದರೆ ಅದು ವರ್ಷಗಟ್ಟಲೆ ಉಳಿಯುತ್ತದೆ. ಅಂಗವೈಕಲ್ಯದ ಕಾರಣಕ್ಕೇ ಎಷ್ಟೋ ಮಕ್ಕಳು ಮನೆ ಬಿಡಬೇಕಾಗುವುದರಿಂದ ಇಂಥ ಒಂದು ಕೌಶಲ ಒಂದು ಮಗುವನ್ನು ಮನೆಯಲ್ಲಿಯೇ ಉಳಿಸಬಲ್ಲದು. ಲೆಕ್ಕಪತ್ರ ಬಲ್ಲವರು, ಶಿಕ್ಷಕರ ತರಬೇತುದಾರರು, ಕುಡಿಯುವ ನೀರಿನ ವ್ಯವಸ್ಥೆ ಗೊತ್ತಿರುವ ಇಂಜಿನಿಯರುಗಳು ಮಕ್ಕಳನ್ನು ಮುಟ್ಟದೆಯೇ ದೊಡ್ಡ ಕೆಲಸ ಮಾಡಬಹುದು. ಸಮಾಜಕಾರ್ಯದ ವಿದ್ಯಾರ್ಥಿಗಳಾದರೆ, 1960ರಿಂದ ನಡೆಯುತ್ತಿರುವ ಮಂಗಳೂರಿನ ರೋಶನಿ ನಿಲಯದಂಥ ಕಾಲೇಜುಗಳ ಕ್ಷೇತ್ರಕಾರ್ಯದ ಪದ್ಧತಿಯಂತೆ ಮೇಲ್ವಿಚಾರಕರ ಅಡಿಯಲ್ಲಿ, ಗೊತ್ತಾದ ಹೊಣೆಯೊಂದಿಗೆ ಹೋಗುವುದು ಒಳ್ಳೆಯದು.

ಹೋಗುವ ಮುನ್ನ ಆ ಸಂಸ್ಥೆಗೆ ಕೆಲವು ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೇಳಿ. ಕಳೆದ ವರ್ಷ ಎಷ್ಟು ಮಕ್ಕಳು ತಮ್ಮ ಮನೆಗೆ ಮರಳಿದರು? ಹೆತ್ತವರು ಬಂದು ನೋಡಲು ಅವಕಾಶವಿದೆಯೇ? ಮಕ್ಕಳ ಕಡತ ನೋಡಿಕೊಳ್ಳುವ ಸಮಾಜ ಕಾರ್ಯಕರ್ತರಿದ್ದಾರೆಯೇ? ನನ್ನ ಪೊಲೀಸ್ ಪರಿಶೀಲನಾ ಪತ್ರ ನಿಮಗೆ ಬೇಕೇ? ಇವುಗಳಲ್ಲಿ ಮೊದಲನೆಯ ಪ್ರಶ್ನೆಗೆ ಬರುವ ಉತ್ತರವೇ ಬಹಳಷ್ಟನ್ನು ಹೇಳಿಬಿಡುತ್ತದೆ. ಬೇಕಾದಾಗ ಬನ್ನಿ, ಮಕ್ಕಳು ನಿಮಗಾಗಿ ಕಾಯುತ್ತಿದ್ದಾರೆ ಎಂಬ ಉತ್ತರ ಬಂದರೆ ಟಿಕೆಟ್ ಮಾಡಿಸಬೇಡಿ. ಅಲ್ಲಿ ಹೋದ ಮೇಲೆ ಮಕ್ಕಳಿಗೆ ತೊಂದರೆಯಾಗುತ್ತಿರುವುದು ಕಂಡರೆ ನೇಪಾಳದ ಮಕ್ಕಳ ಸಹಾಯವಾಣಿಯ ಸಂಖ್ಯೆಯೂ ನಮ್ಮಲ್ಲಿರುವಂತೆ 1098.

ಎರಡು ವಾರವಷ್ಟೇ ಬಿಡುವಿರುವವರು, ಆ ಪ್ರಯಾಣದ ಖರ್ಚಿನಲ್ಲಿ ನೇಪಾಳದಲ್ಲಿ ಮಕ್ಕಳನ್ನು ಮನೆಗೆ ಮರಳಿಸುವ ಕೆಲಸ ಮಾಡುವ ಸಂಸ್ಥೆಗೆ ನೆರವು ನೀಡಿ, ತಮ್ಮ ಸಮಯವನ್ನು ಇಲ್ಲಿ ಕೊಡುವುದು ಹೆಚ್ಚು ಫಲಕಾರಿ. ವಾರಕ್ಕೊಂದು ಸಂಜೆ, ಆದರೆ ಮೂರು ನಾಲ್ಕು ವರ್ಷ ತಪ್ಪದೆ, ಮಂಗಳೂರಿನಲ್ಲೋ ಉಡುಪಿಯಲ್ಲೋ ಒಬ್ಬ ಹುಡುಗನಿಗೆ ಗಣಿತ ಹೇಳಿಕೊಡುವವರು ಸಿಕ್ಕುವುದು ಕಷ್ಟ. ಹದಿನೆಂಟು ತುಂಬಿ ಬಾಲಮಂದಿರದಿಂದ ಹೊರಬೀಳುವವರ ಜೊತೆ ನಿಲ್ಲುವವರು ಅದಕ್ಕಿಂತಲೂ ಕಡಿಮೆ. ಕಾನೂನು 21 ವರ್ಷದವರೆಗೆ ಅನುಪಾಲನೆಗೆ, ಅಂದರೆ ಹೊರಬಂದ ಮೇಲಿನ ನೆರವಿಗೆ, ಅವಕಾಶ ಕೊಟ್ಟಿದ್ದರೂ ಬಾಡಿಗೆ ಕೋಣೆ ಹುಡುಕುವುದು, ಬ್ಯಾಂಕ್ ಖಾತೆ, ಆಧಾರ್‌ನ ವಿಳಾಸ ಬದಲಾವಣೆ, ಮೊದಲ ಕೆಲಸದ ಸಂದರ್ಶನ ಇಂಥ ಸಣ್ಣ ಸಂಗತಿಗಳಲ್ಲಿ ದೊಡ್ಡವರೊಬ್ಬರ ಫೋನ್ ನಂಬರ್ ಬೇಕಾಗುತ್ತದೆ.

ಈಗಾಗಲೇ ಯಾವುದಾದರೂ ಆಶ್ರಮಕ್ಕೆ ಹಣ ಕಳುಹಿಸುತ್ತಿರುವವರು ಇದನ್ನೋದಿ ಕೂಡಲೇ ಅದನ್ನು ನಿಲ್ಲಿಸಬಾರದು. ಹಣ ಥಟ್ಟನೆ ನಿಂತರೆ ಮೊದಲು ಕಡಿಮೆಯಾಗುವುದು ಮಕ್ಕಳ ಹಾಲು ಮತ್ತು ಔಷಧಿ. ನಡೆಸುವವರಿಗೆ ಪತ್ರ ಬರೆದು, ಮುಂದಿನ ಎರಡು ಮೂರು ವರ್ಷಗಳಲ್ಲಿ ನನ್ನ ದೇಣಿಗೆಯ ಹೆಚ್ಚು ಹೆಚ್ಚು ಪಾಲು ಮಕ್ಕಳ ಮನೆಯವರನ್ನು ಹುಡುಕುವುದಕ್ಕೂ, ಮನೆಗೆ ಮರಳಿದ ಮಗುವಿನ ಶಾಲಾ ಶುಲ್ಕ ಮತ್ತು ತಾಯಿಯ ಸಂಪಾದನೆಯ ಮಾರ್ಗಕ್ಕೂ ವಿನಿಯೋಗವಾಗಬೇಕು, ಅದಕ್ಕಾಗಿ ಒಬ್ಬ ಸಮಾಜ ಕಾರ್ಯಕರ್ತರ ಸಂಬಳವನ್ನೂ ನಾನು ಕೊಡಬಲ್ಲೆ ಎಂದು ತಿಳಿಸಿ. ಸಂಬಳವೆಂದರೆ ದಾನಿಗಳಿಗೆ ಸಾಮಾನ್ಯವಾಗಿ ರುಚಿಸುವುದಿಲ್ಲ, ಕಟ್ಟಡದ ಮೇಲೆ ಹೆಸರಿದ್ದರೆ ಚೆನ್ನ ಅನ್ನಿಸುತ್ತದೆ. ಆದರೆ ಹುಮ್ಲಾದ ಹಳ್ಳಿಗಳವರೆಗೆ ನಡೆದು ಹೋಗಿ ತಾಯಂದಿರನ್ನು ಪತ್ತೆ ಮಾಡಿದವರು ಸಂಬಳ ಪಡೆಯುವ ಇಂಥ ಕಾರ್ಯಕರ್ತರೇ.